ರೇಡ್ 10: ಜೋಡಿ ಡಿಸ್ಕ್‌ಗಳ ಮೇಲೆ ಪಟ್ಟೆ ಹಂಚಿಕೆ

ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಕಂಪ್ಯೂಟರಿಗೆ ಒಂದೇ ದೊಡ್ಡ ಡಿಸ್ಕ್‌ನಂತೆ ಕಾಣಿಸುವ ಏರ್ಪಾಟುಗಳಿಗೆ ರೇಡ್ ಎಂದು ಹೆಸರು. ಅವುಗಳ ಪೈಕಿ ರೇಡ್ 10 ಎರಡು ಹಳೆಯ ಉಪಾಯಗಳ ಕೂಡಿಕೆ. ಡಿಸ್ಕ್‌ಗಳನ್ನು ಎರಡೆರಡರಂತೆ ಜೋಡಿ ಮಾಡಿ, ಜೋಡಿಯ ಎರಡರಲ್ಲೂ ಒಂದೇ ಡೇಟಾ ಇರುವಂತೆ ಬರೆಯುವುದು ಮೊದಲನೆಯದು. ಇದು ಮಿರರಿಂಗ್ ಅಥವಾ ರೇಡ್ 1. ಡೇಟಾವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಆ ಜೋಡಿಗಳಿಗೆ ಸರದಿಯಂತೆ ಹಂಚುವುದು ಎರಡನೆಯದು. ಇದು ಸ್ಟ್ರೈಪಿಂಗ್ ಅಥವಾ ರೇಡ್ 0. ಹೆಸರಿನಲ್ಲಿರುವುದು ಹತ್ತಲ್ಲ, ಒಂದು ಮತ್ತು ಸೊನ್ನೆ, ಅದೂ ಅದೇ ಕ್ರಮದಲ್ಲಿ. ಈ ಕ್ರಮವನ್ನು ತಿರುಗಿಸಿದರೆ ಅಷ್ಟೇ ಡಿಸ್ಕ್, ಅಷ್ಟೇ ಖರ್ಚು, ಅಷ್ಟೇ ಪ್ರತಿಗಳಿದ್ದರೂ ರಕ್ಷಣೆ ಬಹಳಷ್ಟು ಕುಗ್ಗುತ್ತದೆ. ಎಷ್ಟು ಪ್ರತಿಗಳಿವೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅವು ಎಲ್ಲೆಲ್ಲಿ ಕೂತಿವೆ ಎಂಬುದು ಇಲ್ಲಿ ಮುಖ್ಯ.

ಡೇಟಾ ಹಂಚಿಕೆಯ ಬಗೆ

ಸಾಂಪ್ರದಾಯಿಕ ರೇಡ್ 10ಕ್ಕೆ ಕನಿಷ್ಠ ನಾಲ್ಕು ಡಿಸ್ಕ್ ಬೇಕು. ಒಂದು ಮತ್ತು ಎರಡನೇ ಡಿಸ್ಕ್ ಸೇರಿ ಮೊದಲ ಜೋಡಿ, ಮೂರು ಮತ್ತು ನಾಲ್ಕನೆಯವು ಸೇರಿ ಎರಡನೇ ಜೋಡಿ ಎಂದಿಟ್ಟುಕೊಳ್ಳೋಣ. ತುಂಡಿನ ಅಳತೆ 256 ಕಿಲೋಬೈಟ್ ಎಂದು ನಿಗದಿಯಾಗಿದ್ದರೆ, 1 ಮೆಗಾಬೈಟಿನ ಕಡತವೊಂದು ನಾಲ್ಕು ತುಂಡಾಗುತ್ತದೆ. ಮೊದಲ ತುಂಡು ಮೊದಲ ಜೋಡಿಗೆ, ಎರಡನೆಯದು ಎರಡನೇ ಜೋಡಿಗೆ, ಮೂರನೆಯದು ಮತ್ತೆ ಮೊದಲ ಜೋಡಿಗೆ, ಹೀಗೆ ಸಾಗುತ್ತದೆ. ಜೋಡಿಗೆ ಹೋದ ಪ್ರತಿಯೊಂದು ತುಂಡೂ ಅದರ ಎರಡು ಡಿಸ್ಕ್‌ಗಳಲ್ಲೂ ಬರೆಯಲ್ಪಡುತ್ತದೆ. ಎರಡೂ ಕಡೆ ಬರೆದಾದ ಮೇಲಷ್ಟೇ ‘ಬರೆದಾಯಿತು’ ಎಂಬ ಉತ್ತರ ತಂತ್ರಾಂಶಕ್ಕೆ ತಲುಪುತ್ತದೆ.

ಓದುವಾಗ ಎರಡು ಪ್ರತಿಗಳಲ್ಲಿ ಯಾವುದನ್ನು ಬೇಕಾದರೂ ಓದಬಹುದು. ಹಾಗಾಗಿ ಎಂಟು ಡಿಸ್ಕ್‌ಗಳ ರೇಡ್ 10ರಲ್ಲಿ ಬಿಡಿ ಓದುಗಳಿಗೆ ಎಂಟೂ ಡಿಸ್ಕ್ ದುಡಿಯುತ್ತವೆ. ಬರೆಯುವಾಗ ಪ್ರತಿ ಬರಹವೂ ಎರಡು ಡಿಸ್ಕ್‌ಗಳ ಸಮಯ ತಿನ್ನುವುದರಿಂದ ನಾಲ್ಕು ಡಿಸ್ಕ್‌ಗಳಷ್ಟು ವೇಗ ಸಿಗುತ್ತದೆ. ಜಾಗದ ಲೆಕ್ಕವೂ ಇಷ್ಟೇ ಸರಳ. 8 ಟೆರಾಬೈಟಿನ ಎಂಟು ಡಿಸ್ಕ್ ಹಾಕಿದರೆ ಒಟ್ಟು 64 ಟೆರಾಬೈಟ್, ಬಳಕೆಗೆ ಸಿಗುವುದು 32. ಅರ್ಧ ಹಣ ಎರಡನೇ ಪ್ರತಿಗೇ ಹೋಗುತ್ತದೆ. ಈ ಅರ್ಧದ ಬೆಲೆಯೇ ರೇಡ್ 10ರ ಮೇಲಿರುವ ಮುಖ್ಯ ಆಕ್ಷೇಪ. ಇದರ ಚರಿತ್ರೆಯೂ ಬಹುಪಾಲು ಆ ಆಕ್ಷೇಪದಿಂದ ತಪ್ಪಿಸಿಕೊಳ್ಳಲು ನಡೆದ ಪ್ರಯತ್ನಗಳ ಚರಿತ್ರೆಯೇ.

ಹಿನ್ನೆಲೆ

ಎರಡು ಡಿಸ್ಕ್‌ಗಳಲ್ಲಿ ಒಂದೇ ಡೇಟಾ ಇಡುವ ಪದ್ಧತಿ ರೇಡ್ ಎಂಬ ಹೆಸರಿಗಿಂತ ಹಳೆಯದು. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟ್ಯಾಂಡಮ್ ಕಂಪನಿ, ಯಾವುದೇ ಒಂದು ಭಾಗ ಕೆಟ್ಟರೂ ನಿಲ್ಲದ ‘ನಾನ್‌ಸ್ಟಾಪ್’ ಯಂತ್ರಗಳನ್ನು ಬ್ಯಾಂಕುಗಳಿಗೂ ಷೇರುಪೇಟೆಗಳಿಗೂ ಮಾರುತ್ತಿತ್ತು. ಜೋಡಿ ಡಿಸ್ಕ್ ಅವುಗಳ ಸಾಮಾನ್ಯ ಅಂಗ. ಐಬಿಎಂನ ನಾರ್ಮನ್ ಕೆನ್ ಔಚಿ, ಕೆಟ್ಟ ಡಿಸ್ಕ್‌ನ ಡೇಟಾವನ್ನು ಉಳಿದವುಗಳ ಲೆಕ್ಕದಿಂದ ಮರಳಿ ಕಟ್ಟುವ ವಿಧಾನಕ್ಕೆ 1978ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಡೇಟಾವನ್ನು ಪಟ್ಟೆ ಪಟ್ಟೆಯಾಗಿ ಹಲವು ಡಿಸ್ಕ್‌ಗಳಿಗೆ ಹಂಚುವ ಬಗ್ಗೆ ಪ್ರಿನ್ಸ್‌ಟನ್‌ನ ಕೆನೆತ್ ಸೇಲಂ ಮತ್ತು ಹೆಕ್ಟರ್ ಗಾರ್ಸಿಯಾ-ಮೊಲಿನಾ 1986ರಲ್ಲಿ ಬರೆದರು.

ಬಿಡಿಯಾಗಿದ್ದ ಈ ಉಪಾಯಗಳನ್ನು ಒಂದು ಚೌಕಟ್ಟಿಗೆ ತಂದವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್. ಅವರ ಪ್ರಬಂಧ 1987ರಲ್ಲಿ ವಿಶ್ವವಿದ್ಯಾಲಯದ ವರದಿಯಾಗಿಯೂ 1988ರಲ್ಲಿ ಸಿಗ್‌ಮಾಡ್ ಸಮ್ಮೇಳನದಲ್ಲಿಯೂ ಹೊರಬಂತು. ಐಬಿಎಂ 3380 ಎಂಬ, 7500 ಮೆಗಾಬೈಟಿನ ದೈತ್ಯ ಡಿಸ್ಕ್‌ನ ಬದಲು, ಪರ್ಸನಲ್ ಕಂಪ್ಯೂಟರುಗಳಿಗೆಂದು ಮಾಡಿದ 100 ಮೆಗಾಬೈಟಿನ ಅಗ್ಗದ ಡಿಸ್ಕ್‌ಗಳ ಗುಂಪನ್ನು ಏಕೆ ಬಳಸಬಾರದು ಎಂಬುದು ಅವರ ಪ್ರಶ್ನೆ. ಅಡ್ಡಿ ಎಲ್ಲಿದೆ ಎಂಬುದನ್ನೂ ಅವರೇ ತೋರಿಸಿದರು. ಒಂದು ಡಿಸ್ಕ್ ಕೆಡುವವರೆಗಿನ ಸರಾಸರಿ ಅವಧಿ 30,000 ಗಂಟೆ ಎಂದಾದರೆ, 100 ಡಿಸ್ಕ್‌ಗಳ ಗುಂಪಿನಲ್ಲಿ ಯಾವುದಾದರೊಂದು ಕೆಡಲು ಸರಾಸರಿ 300 ಗಂಟೆ ಸಾಕು, ಅಂದರೆ ಎರಡು ವಾರಕ್ಕಿಂತ ಕಡಿಮೆ. ರಕ್ಷಣೆಯಿಲ್ಲದ ಪಟ್ಟೆ ಹಂಚಿಕೆಯಲ್ಲಿ ಒಂದು ಡಿಸ್ಕ್ ಹೋಯಿತೆಂದರೆ ಪ್ರತಿ ದೊಡ್ಡ ಕಡತದಲ್ಲೂ ತೂತು ಬಿದ್ದಂತೆ, ಎಲ್ಲವೂ ಹೋದಂತೆಯೇ.

ಆ ಪ್ರಬಂಧ ರೇಡ್ ಅನ್ನು 1ರಿಂದ 5ರವರೆಗಿನ ಐದು ಮಟ್ಟಗಳಾಗಿ ವಿಂಗಡಿಸಿತು. ರೇಡ್ 0 ಎಂಬ ಹೆಸರು, ರೇಡ್ 6, ರೇಡ್ 10 ಮುಂತಾದ ಕೂಡು ಹೆಸರುಗಳು ಆಮೇಲೆ ಬಂದವು. ಮಿರರಿಂಗ್ ಎಲ್ಲಕ್ಕಿಂತ ದುಬಾರಿ ಎಂದು ಹೇಳಿಯೇ ಲೇಖಕರು ಉಳಿದ ಮಟ್ಟಗಳಿಗೆ ಹೋದದ್ದು. ಪ್ಯಾರಿಟಿ ಎಂಬ ಲೆಕ್ಕದ ತುಂಡನ್ನು ಮಾತ್ರ ಹೆಚ್ಚಿಗೆ ಇಟ್ಟು, ಇಡೀ ಎರಡನೇ ಪ್ರತಿಯ ಖರ್ಚನ್ನು ಉಳಿಸುವುದು ಆ ಕಾಲದ ಗುರಿ. ಡಿಸ್ಕ್ ಬೆಲೆ ಮುಂದಿನ ವರ್ಷಗಳಲ್ಲಿ ಬಿದ್ದ ವೇಗ ನೋಡಿದರೆ ನಡೆದದ್ದು ತಿರುವುಮುರುವು: ಜಾಗ ಅಗ್ಗವಾಯಿತು, ಡಿಸ್ಕ್‌ನ ತಲೆ ಅತ್ತಿತ್ತ ಓಡಾಡುವ ಸಮಯ ಮಾತ್ರ ಅಷ್ಟಾಗಿ ತಗ್ಗಲಿಲ್ಲ. ದುಬಾರಿ ಎಂದು ಬದಿಗಿಟ್ಟ ಜೋಡಿ ಪ್ರತಿಯೇ ಡೇಟಾಬೇಸ್ ಕೋಣೆಗಳಿಗೆ ಮರಳಿತು. ಒರಾಕಲ್‌ನ ಹುವಾನ್ ಲೊವೈಜಾ 2000ದ ಆಸುಪಾಸಿನಲ್ಲಿ ‘ಎಲ್ಲವನ್ನೂ ಪಟ್ಟೆ ಮಾಡಿ, ಎಲ್ಲವನ್ನೂ ಜೋಡಿ ಮಾಡಿ’ ಎಂಬ ಅರ್ಥದ ಸೂತ್ರ ಮುಂದಿಟ್ಟರು. ಯಾವ ಟೇಬಲ್ ಯಾವ ಡಿಸ್ಕ್‌ನಲ್ಲಿ ಎಂದು ತಲೆ ಕೆಡಿಸಿಕೊಳ್ಳುವ ಬದಲು, ಎಲ್ಲ ಡಿಸ್ಕ್‌ಗಳ ಮೇಲೂ 1 ಮೆಗಾಬೈಟಿನ ಪಟ್ಟೆ ಹಾಸಿ, ಜೋಡಿ ಮಾಡಿಬಿಡಿ ಎಂಬುದು ಅದರ ತಿರುಳು. ಡೇಟಾಬೇಸ್ ನಿರ್ವಾಹಕರ ನಡುವೆ ರೇಡ್ 10 ಮನೆಮಾತಾಗಲು ಇಂಥ ಸಲಹೆಗಳೂ ಕಾರಣ.

ಕ್ರಮ ಏಕೆ ಮುಖ್ಯ

ಎಂಟು ಡಿಸ್ಕ್‌ಗಳನ್ನೇ ತೆಗೆದುಕೊಳ್ಳೋಣ. ರೇಡ್ 10ರಲ್ಲಿ ನಾಲ್ಕು ಜೋಡಿಗಳು. ಒಂದು ಡಿಸ್ಕ್ ಸತ್ತರೆ ಅದರ ಜೊತೆಗಾರ ಕೆಲಸ ಮುಂದುವರಿಸುತ್ತದೆ. ಉಳಿದ ಮೂರು ಜೋಡಿಗಳಿಗೆ ಏನೂ ಆಗಿರುವುದಿಲ್ಲ. ಈಗ ಎರಡನೇ ಡಿಸ್ಕ್ ಸಾಯುತ್ತದೆ ಎನ್ನೋಣ. ಉಳಿದ ಏಳರಲ್ಲಿ ಡೇಟಾವನ್ನು ಕೊಂಡೊಯ್ಯಬಲ್ಲದ್ದು ಒಂದೇ: ಮೊದಲು ಸತ್ತದ್ದರ ಜೊತೆಗಾರ. ಎರಡನೇ ಪೆಟ್ಟು ಯಾವ ಡಿಸ್ಕ್‌ಗೆ ಬೇಕಾದರೂ ಸಮನಾಗಿ ಬೀಳಬಹುದು ಎಂದಾದರೆ ಡೇಟಾ ಹೋಗುವ ಸಂಭವ 7ರಲ್ಲಿ 1. ಅದೃಷ್ಟವಿದ್ದರೆ ಪ್ರತಿ ಜೋಡಿಯಿಂದ ಒಂದೊಂದರಂತೆ ನಾಲ್ಕು ಡಿಸ್ಕ್ ಸತ್ತರೂ ಡೇಟಾ ಉಳಿಯುತ್ತದೆ. ಆದರೆ ಗ್ಯಾರಂಟಿ ಒಂದೇ ಡಿಸ್ಕ್‌ಗೆ, ಉಳಿದದ್ದು ಸಂಭವನೀಯತೆ. ಮಾರಾಟದ ಕರಪತ್ರಗಳು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಒತ್ತಿ ಹೇಳುವುದಿಲ್ಲ.

ಇನ್ನು ಕ್ರಮ ತಿರುಗಿಸಿ ನೋಡೋಣ. ನಾಲ್ಕು ಡಿಸ್ಕ್‌ಗಳ ಮೇಲೆ ಮೊದಲು ಪಟ್ಟೆ ಹಾಸಿ, ಆ ಇಡೀ ಗುಂಪಿಗೆ ಇನ್ನೊಂದು ನಾಲ್ಕು ಡಿಸ್ಕ್‌ಗಳ ಗುಂಪನ್ನು ಪ್ರತಿಯಾಗಿ ಇಟ್ಟರೆ ಅದು ರೇಡ್ 0+1. ಇಲ್ಲಿ ಒಂದು ಡಿಸ್ಕ್ ಸತ್ತೊಡನೆ ಅದಿದ್ದ ಪಟ್ಟೆ ಗುಂಪು ಪೂರ್ತಿ ಅಪೂರ್ಣವಾಗುತ್ತದೆ. ಮೇಲಿನ ಹಂತ ಕಾಣುವುದು ಎರಡೇ ಘಟಕಗಳನ್ನು, ಅವುಗಳಲ್ಲಿ ಒಂದು ಕೆಟ್ಟಿತು ಎಂದಷ್ಟೇ ಅದಕ್ಕೆ ಗೊತ್ತು. ಆ ಗುಂಪಿನ ಇನ್ನೂ ಮೂರು ಆರೋಗ್ಯವಂತ ಡಿಸ್ಕ್‌ಗಳು ಅಲ್ಲಿಗೆ ನಿರುಪಯುಕ್ತ. ಈಗ ಎದುರು ಗುಂಪಿನ ನಾಲ್ಕರಲ್ಲಿ ಯಾವುದೇ ಒಂದು ಸತ್ತರೂ ಎಲ್ಲ ಹೋಯಿತು: ಸಂಭವ 7ರಲ್ಲಿ 4. ಡಿಸ್ಕ್ ಬದಲಿಸಿದ ಮೇಲಿನ ಕೆಲಸವೂ ಹೆಚ್ಚು. ರೇಡ್ 10ರಲ್ಲಿ ಒಂದು ಡಿಸ್ಕ್‌ನ ಡೇಟಾವನ್ನಷ್ಟೇ ನಕಲು ಮಾಡಬೇಕು. ಇಲ್ಲಿ ನಾಲ್ಕನ್ನೂ ಮರಳಿ ತುಂಬಬೇಕು. ಡಿಸ್ಕ್ ಸಂಖ್ಯೆ ಹೆಚ್ಚಿದಷ್ಟೂ ಅಂತರ ಬೆಳೆಯುತ್ತದೆ. ಇಪ್ಪತ್ತು ಡಿಸ್ಕ್‌ಗಳಿದ್ದರೆ ರೇಡ್ 10ರಲ್ಲಿ 19ರಲ್ಲಿ 1, ರೇಡ್ 0+1ರಲ್ಲಿ 19ರಲ್ಲಿ 10. ಕೆಲವು ಜಾಣ ಕಂಟ್ರೋಲರುಗಳು ಒಳಗೆ ಎಲ್ಲ ಡಿಸ್ಕ್‌ಗಳ ಲೆಕ್ಕವನ್ನೂ ಇಟ್ಟುಕೊಂಡು, ಹೆಸರು 0+1 ಎಂದಿದ್ದರೂ 10ರಂತೆಯೇ ನಡೆದುಕೊಳ್ಳುತ್ತವೆ. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಕೈಪಿಡಿ ನೋಡಬೇಕಾಗುವುದು ಇದಕ್ಕೇ.

ಹಾನಿ ಹುಟ್ಟಿದ ಜೋಡಿಯ ಗಡಿಯಲ್ಲೇ ಅದನ್ನು ತಡೆದು ನಿಲ್ಲಿಸುವುದು ರೇಡ್ 10 ಮಾಡುವ ನಿಜವಾದ ಕೆಲಸ. ಪಟ್ಟೆ ಹಂಚಿಕೆ ವೇಗ ಕೊಡುತ್ತದೆ, ಆದರೆ ಒಂದರ ಸಾವನ್ನು ಎಲ್ಲರ ಸಾವಾಗಿಸುತ್ತದೆ. ಆ ಸಾವು ಪಟ್ಟೆಯವರೆಗೆ ತಲುಪದಂತೆ ಕೆಳಗಿನ ಹಂತದಲ್ಲೇ ಮಿರರಿಂಗ್ ಅದನ್ನು ಹಿಡಿಯುತ್ತದೆ. ಮೇಲಿನ ಹಂತದಲ್ಲಿ ಹಿಡಿಯಲು ಹೋದರೆ ಆಗಲೇ ತಡವಾಗಿರುತ್ತದೆ.

ಪ್ಯಾರಿಟಿಯೊಡನೆ ಹೋಲಿಕೆ

ರೇಡ್ 5ರಲ್ಲಿ ಪ್ರತಿ ಪಟ್ಟೆಗೂ ಒಂದು ಪ್ಯಾರಿಟಿ ತುಂಡು, ರೇಡ್ 6ರಲ್ಲಿ ಎರಡು. ಎಂಟು ಡಿಸ್ಕ್‌ಗಳಲ್ಲಿ ಕ್ರಮವಾಗಿ 56 ಮತ್ತು 48 ಟೆರಾಬೈಟ್ ಬಳಕೆಗೆ ಸಿಗುತ್ತದೆ. ರೇಡ್ 10ರ 32ಕ್ಕೆ ಹೋಲಿಸಿದರೆ ದೊಡ್ಡ ಉಳಿತಾಯ. ಅದರ ಬೆಲೆಯನ್ನು ಬರೆಯುವಾಗ ತೆರಬೇಕು. ರೇಡ್ 5ರಲ್ಲಿ ಒಂದು ಚಿಕ್ಕ ಬರಹಕ್ಕೆ ಹಳೆಯ ಡೇಟಾ ಓದಿ, ಹಳೆಯ ಪ್ಯಾರಿಟಿ ಓದಿ, ಹೊಸ ಡೇಟಾ ಬರೆದು, ಹೊಸ ಪ್ಯಾರಿಟಿ ಬರೆಯಬೇಕು: ನಾಲ್ಕು ಕೆಲಸ. ರೇಡ್ 6ರಲ್ಲಿ ಆರು. ರೇಡ್ 10ರಲ್ಲಿ ಎರಡೇ. ಪ್ರತಿ ಡಿಸ್ಕ್ ಸೆಕೆಂಡಿಗೆ 100 ಬಿಡಿ ಕೆಲಸ ಮಾಡಬಲ್ಲದು ಎಂದಾದರೆ ಎಂಟು ಡಿಸ್ಕ್‌ಗಳಿಂದ ರೇಡ್ 10ರಲ್ಲಿ 400, ರೇಡ್ 5ರಲ್ಲಿ 200, ರೇಡ್ 6ರಲ್ಲಿ ಸುಮಾರು 133 ಚಿಕ್ಕ ಬರಹಗಳು ಸಿಗುತ್ತವೆ. ದೊಡ್ಡ ವಿಡಿಯೊ ಕಡತಗಳನ್ನು ಉದ್ದಕ್ಕೂ ಬರೆಯುವಲ್ಲಿ ಈ ದಂಡ ಬಹುತೇಕ ಇಲ್ಲ. ಹಾಗಾಗಿ ಕ್ಯಾಮೆರಾ ದೃಶ್ಯಗಳ ಸಂಗ್ರಹಕ್ಕೆ ರೇಡ್ 6 ಹಾಕುವುದೂ ಸಾವಿರಾರು ಜನ ಏಕಕಾಲಕ್ಕೆ ಬಳಸುವ ಡೇಟಾಬೇಸಿಗೆ ರೇಡ್ 10 ಹಾಕುವುದೂ ವಾಡಿಕೆ.

ರಕ್ಷಣೆಯ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ: ಡಿಸ್ಕ್ ಬದಲಿಸಿದ ಮೇಲೆ ನಡೆಯುವ ರೀಬಿಲ್ಡ್. 8 ಟೆರಾಬೈಟಿನ ಡಿಸ್ಕ್ ಒಂದನ್ನು ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ತುಂಬಲು ಅಡ್ಡಿಯಿಲ್ಲದಿದ್ದರೂ 11 ಗಂಟೆ ಬೇಕು. ಬಳಕೆದಾರರ ಕೆಲಸವೂ ಜೊತೆಗೇ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ರೇಡ್ 10 ಓದುವುದು ಜೊತೆಗಾರ ಡಿಸ್ಕ್ ಒಂದನ್ನೇ, 8 ಟೆರಾಬೈಟ್. ಎಂಟು ಡಿಸ್ಕ್‌ಗಳ ರೇಡ್ 5 ಉಳಿದ ಏಳನ್ನೂ ಆದಿಯಿಂದ ಅಂತ್ಯದವರೆಗೆ ಓದಬೇಕು, 56 ಟೆರಾಬೈಟ್. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳ ವಿವರಪತ್ರದಲ್ಲಿ 100 ಲಕ್ಷ ಕೋಟಿ ಬಿಟ್ ಓದಿದರೆ, ಅಂದರೆ ಸುಮಾರು 12.5 ಟೆರಾಬೈಟಿಗೆ, ಒಂದು ಓದಲಾಗದ ಜಾಗ ಸಿಗಬಹುದು ಎಂದು ಬರೆದಿರುತ್ತದೆ. ಇದು ಗರಿಷ್ಠ ಮಿತಿ. ಒಳ್ಳೆಯ ಡಿಸ್ಕ್‌ಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ನಡೆಯುತ್ತವೆ. ಆದರೂ ಓದಬೇಕಾದ ಪ್ರಮಾಣ ಏಳು ಪಟ್ಟು ಹೆಚ್ಚಿದಾಗ ಅಪಾಯವೂ ಹೆಚ್ಚುವುದು ಸಹಜ. ರೇಡ್ 10 ಇದರಿಂದ ಪೂರ್ತಿ ಪಾರಾಗಿಲ್ಲ ಎಂಬುದನ್ನೂ ಹೇಳಬೇಕು: ಒಂಟಿಯಾಗಿ ಉಳಿದ ಜೊತೆಗಾರನಲ್ಲಿ ಓದಲಾಗದ ಜಾಗವೊಂದಿದ್ದರೆ ಅಲ್ಲಿನ ಡೇಟಾಗೆ ಬೇರೆ ದಿಕ್ಕಿಲ್ಲ. ಈ ಒಂದು ವಿಷಯದಲ್ಲಿ ರೇಡ್ 6 ಅದಕ್ಕಿಂತ ಮೇಲು. ಅದು ಯಾವುದೇ ಎರಡು ಡಿಸ್ಕ್‌ಗಳ ಸಾವನ್ನು ಖಚಿತವಾಗಿ ತಡೆದುಕೊಳ್ಳುತ್ತದೆ. ಮೂರು ಪ್ರತಿಗಳಿಲ್ಲದೆ ರೇಡ್ 10 ಅಂಥ ಮಾತು ಕೊಡಲಾರದು.

ಹಳೆಯ ಪಠ್ಯಪುಸ್ತಕದ ಸೂತ್ರದ ಪ್ರಕಾರ, ಒಂದು ಡಿಸ್ಕ್‌ನ ಸರಾಸರಿ ಆಯುಸ್ಸಿನ ವರ್ಗವನ್ನು ಡಿಸ್ಕ್‌ಗಳ ಸಂಖ್ಯೆ ಮತ್ತು ದುರಸ್ತಿ ಅವಧಿಯ ಗುಣಲಬ್ಧದಿಂದ ಭಾಗಿಸಿದರೆ ರೇಡ್ 10 ಡೇಟಾ ಕಳೆದುಕೊಳ್ಳಲು ಬೇಕಾಗುವ ಸರಾಸರಿ ಸಮಯ ಸಿಗುತ್ತದೆ. 10 ಲಕ್ಷ ಗಂಟೆ ಆಯುಸ್ಸು, ಎಂಟು ಡಿಸ್ಕ್, 24 ಗಂಟೆ ದುರಸ್ತಿ ಎಂದರೆ ಉತ್ತರ ಸುಮಾರು 5 ಲಕ್ಷ 94 ಸಾವಿರ ವರ್ಷ. ಮನುಷ್ಯ ಜಾತಿಗಿಂತ ಹೆಚ್ಚು ಕಾಲ ಬಾಳುವ ಸರ್ವರ್! ಕೆವಿನ್ ಗ್ರೀನನ್, ಜೇಮ್ಸ್ ಪ್ಲಾಂಕ್ ಮತ್ತು ಜೇ ವೈಲಿ 2010ರಲ್ಲಿ ಈ ಬಗೆಯ ಅಂಕಿಯನ್ನು ಅರ್ಥಹೀನ ಎಂದೇ ಟೀಕಿಸಿ ಬರೆದರು. ಬೇರೆ ದೋಷಗಳ ಜೊತೆಗೆ, ಇಂಥ ಸೂತ್ರದೊಳಗೆ ಒಂದು ಊಹೆ ಅಡಗಿದೆ: ಡಿಸ್ಕ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸಾಯುತ್ತವೆ ಎಂಬುದು.

ಒಟ್ಟಿಗೆ ಸಾಯುವ ಡಿಸ್ಕ್‌ಗಳು

ರೇಡ್ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಗಾರ್ತ್ ಗಿಬ್ಸನ್ ಅವರೇ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬಿಯಾಂಕಾ ಶ್ರೋಡರ್ ಜೊತೆಗೂಡಿ 2007ರಲ್ಲಿ ಸುಮಾರು 1 ಲಕ್ಷ ಡಿಸ್ಕ್‌ಗಳ ಬದಲಾವಣೆ ದಾಖಲೆಗಳನ್ನು ಪರಿಶೀಲಿಸಿದರು. ತಯಾರಕರ ವಿವರಪತ್ರಗಳು ಹೇಳುವ 10ರಿಂದ 15 ಲಕ್ಷ ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಶೇ. 0.88ರಷ್ಟು ಡಿಸ್ಕ್ ಕೆಡಬೇಕಿತ್ತು. ನಿಜದಲ್ಲಿ ಶೇ. 2ರಿಂದ 4 ಸಾಮಾನ್ಯವಾಗಿತ್ತು, ಕೆಲವೆಡೆ ಶೇ. 13ರವರೆಗೂ ಹೋಗಿತ್ತು. ಇನ್ನೂ ಮುಖ್ಯವಾಗಿ, ಬದಲಾವಣೆಗಳು ಕಾಲದಲ್ಲಿ ಸಮನಾಗಿ ಹರಡಿರದೆ ಗುಂಪುಗುಂಪಾಗಿ ಬಂದಿದ್ದವು. ಒಂದು ಕೆಟ್ಟ ಮೇಲೆ ಇನ್ನೊಂದು ಬೇಗ ಕೆಡುವ ಸಂಭವ ಹೆಚ್ಚು ಎಂದಾದರೆ, 7ರಲ್ಲಿ 1 ಎಂಬ ನಮ್ಮ ಲೆಕ್ಕ ಎರಡನೇ ಪೆಟ್ಟು ಎಲ್ಲಿ ಬೀಳುತ್ತದೆ ಎಂದಷ್ಟೇ ಹೇಳುತ್ತದೆ, ಬೀಳುತ್ತದೆಯೇ ಎಂಬುದನ್ನಲ್ಲ.

ಹೀಗೆ ಒಟ್ಟಿಗೆ ಸಾಯುವುದಕ್ಕೆ ಅತಿ ಸ್ಪಷ್ಟ ಉದಾಹರಣೆ 2019ರ ನವೆಂಬರಿನದು. ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಕೆಲವು ಎಸ್‌ಎಸ್‌ಡಿಗಳ ಫರ್ಮ್‌ವೇರಿನಲ್ಲಿ ದೋಷವಿದೆ ಎಂದು ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿತು. ಒಟ್ಟು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಚಾಲನೆಯಾದೊಡನೆ ಆ ಡಿಸ್ಕ್‌ಗಳು ಮರಳಿ ಬಾರದಂತೆ ನಿಂತುಬಿಡುತ್ತಿದ್ದವು. ಈ ಸಂಖ್ಯೆ ಎರಡರ ಹದಿನೈದನೇ ಘಾತ; ಕಂಪ್ಯೂಟರಿನ ಎಣಿಕೆ ಮಿತಿಗಳು ಇಂಥ ಸಂಖ್ಯೆಗಳಲ್ಲೇ ಬೀಳುವುದು. ಒಂದೇ ದಿನ ಅಳವಡಿಸಿ, ಒಂದೇ ಗಳಿಗೆಯಲ್ಲಿ ಚಾಲೂ ಮಾಡಿದ ಜೋಡಿ ಡಿಸ್ಕ್‌ಗಳ ಗಡಿಯಾರ ಒಟ್ಟಿಗೇ ಓಡುತ್ತಿರುತ್ತದೆ. ಅಂಥಲ್ಲಿ ಎಂಟು ಪ್ರತಿ ಇಟ್ಟಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಹೊಸ ಫರ್ಮ್‌ವೇರ್ ಹಾಕುವುದೊಂದೇ ಪರಿಹಾರವಾಗಿತ್ತು.

ಹೊರಗಿನ ಕಾರಣವೂ ಎಲ್ಲವನ್ನೂ ಒಮ್ಮೆಲೇ ತಟ್ಟಬಹುದು. 2016ರ ಸೆಪ್ಟೆಂಬರಿನಲ್ಲಿ ರೊಮೇನಿಯಾದ ಬುಕರೆಸ್ಟಿನಲ್ಲಿರುವ ಐಎನ್‌ಜಿ ಬ್ಯಾಂಕಿನ ಡೇಟಾ ಕೇಂದ್ರದಲ್ಲಿ ಬೆಂಕಿ ಆರಿಸುವ ಅನಿಲ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಅನಿಲ ಹೊರನುಗ್ಗಿದಾಗ ಎದ್ದ ಭಾರಿ ಸದ್ದಿನ ಕಂಪನಕ್ಕೆ ಹಲವು ಹಾರ್ಡ್ ಡಿಸ್ಕ್‌ಗಳು ಕೆಟ್ಟು, ಬ್ಯಾಂಕಿನ ಸೇವೆಗಳು ಗಂಟೆಗಟ್ಟಲೆ ನಿಂತವು. ಬೆಂಕಿ ಇರಲೇ ಇಲ್ಲ. ಒಂದೇ ವಿದ್ಯುತ್ ಪೂರೈಕೆ, ಒಂದೇ ಕೇಬಲ್, ಒಂದೇ ಕಂಟ್ರೋಲರ್ ಕಾರ್ಡ್ ಇವೂ ಇದೇ ಸಾಲಿಗೆ ಸೇರುತ್ತವೆ. ಜಮೀನಿನ ಪತ್ರಕ್ಕೆ ಎರಡು ನಕಲು ಮಾಡಿಸಿ ಎರಡನ್ನೂ ಒಂದೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ಆದ್ದರಿಂದ ಜೋಡಿಯ ಎರಡು ಡಿಸ್ಕ್‌ಗಳ ನಡುವೆ ಹಂಚಿಕೆಯಾಗುವ ವಸ್ತುಗಳು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ದೊಡ್ಡ ಕೇಂದ್ರಗಳಲ್ಲಿ ಜೋಡಿಯ ಒಂದು ಡಿಸ್ಕ್ ಒಂದು ಪೆಟ್ಟಿಗೆಯಲ್ಲೂ ಇನ್ನೊಂದು ಬೇರೆ ಪೂರೈಕೆಯಿರುವ ಬೇರೆ ಪೆಟ್ಟಿಗೆಯಲ್ಲೂ ಇರುವಂತೆ ಜೋಡಿಸುತ್ತಾರೆ. ಆಗ ಇಡೀ ಪೆಟ್ಟಿಗೆ ಕೈಕೊಟ್ಟರೂ ಪ್ರತಿ ಜೋಡಿಯ ಅರ್ಧ ಉಳಿದಿರುತ್ತದೆ. ಬೇರೆ ಬೇರೆ ಲಾಟಿನ, ಸಾಧ್ಯವಾದರೆ ಬೇರೆ ತಯಾರಕರ ಡಿಸ್ಕ್‌ಗಳನ್ನು ಜೋಡಿ ಮಾಡುವುದೂ ಹಳೆಯ ಅಭ್ಯಾಸ. ಲಿನಕ್ಸಿನ ರೇಡ್ 10 ತನ್ನ ಸಹಜ ವಿನ್ಯಾಸದಲ್ಲಿ, ಆಜ್ಞೆಯಲ್ಲಿ ಅಕ್ಕಪಕ್ಕ ಬರೆದ ಡಿಸ್ಕ್‌ಗಳನ್ನೇ ಜೋಡಿ ಮಾಡುತ್ತದೆ. ಮೊದಲ ಪೆಟ್ಟಿಗೆಯ ನಾಲ್ಕು, ಆಮೇಲೆ ಎರಡನೇ ಪೆಟ್ಟಿಗೆಯ ನಾಲ್ಕು ಎಂದು ಸಾಲಾಗಿ ಬರೆದರೆ ಜೋಡಿಗಳೆಲ್ಲ ಒಂದೊಂದೇ ಪೆಟ್ಟಿಗೆಯೊಳಗೆ ಸಿಕ್ಕಿಬೀಳುತ್ತವೆ. ಒಂದು ಇಲ್ಲಿಂದ, ಒಂದು ಅಲ್ಲಿಂದ ಎಂದು ಹೆಣೆದು ಬರೆಯಬೇಕು. ಎರಡೂ ಸಂದರ್ಭದಲ್ಲಿ ಪರದೆಯ ಮೇಲೆ ಕಾಣುವ ರೇಡ್ 10 ಒಂದೇ ಥರ ಇರುತ್ತದೆ.

ಪ್ರತಿಗಳು ಒಪ್ಪದಿದ್ದಾಗ

ಡಿಸ್ಕ್ ಸತ್ತರೆ ಗೊತ್ತಾಗುತ್ತದೆ. ಸಾಯದೆ ತಪ್ಪು ಹೇಳಿದರೆ? ಎರಡು ಪ್ರತಿಗಳಲ್ಲಿ ಒಂದೊಂದು ಒಂದೊಂದು ಹೇಳಿದಾಗ ಯಾವುದು ನಿಜ ಎಂದು ತೀರ್ಮಾನಿಸಲು ಬರಿಯ ಮಿರರಿಂಗ್‌ನಲ್ಲಿ ದಾರಿಯಿಲ್ಲ. ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳು ಗಮನಿಸಿದಾಗ, ಓದಿದ ಡೇಟಾ ಮತ್ತು ಅದನ್ನು ಬರೆದಾಗ ಲೆಕ್ಕಹಾಕಿಟ್ಟ ಪರೀಕ್ಷಾ ಸಂಖ್ಯೆಯಾದ ಚೆಕ್‌ಸಮ್ ತಾಳೆಯಾಗದ 4 ಲಕ್ಷಕ್ಕೂ ಹೆಚ್ಚು ಪ್ರಸಂಗಗಳು ಸಿಕ್ಕವು. ಸನ್ ಮೈಕ್ರೊಸಿಸ್ಟಮ್ಸ್‌ನ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ಕಟ್ಟಿದ, 2005ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಜಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇದಕ್ಕೆ ಉತ್ತರ ಕೊಟ್ಟಿತು. ಅದು ಪ್ರತಿ ತುಂಡಿನ ಚೆಕ್‌ಸಮ್ಮನ್ನು ಆ ತುಂಡಿನ ಜೊತೆಗಿಡದೆ, ಅದನ್ನು ತೋರಿಸುವ ಮೇಲಿನ ತುಂಡಿನಲ್ಲಿ ಇಡುತ್ತದೆ. ಪ್ರತಿ ಎ ತಪ್ಪಿದ್ದರೆ ಚೆಕ್‌ಸಮ್ ಅದನ್ನು ಹಿಡಿಯುತ್ತದೆ, ಪ್ರತಿ ಬಿಯಿಂದ ಸರಿಯಾದದ್ದನ್ನು ತಂದು ಎ ಮೇಲೆ ಬರೆಯಲಾಗುತ್ತದೆ. ಮಿರರಿಂಗ್‌ಗೆ ಸಾಕ್ಷಿಯೊಂದು ಸಿಕ್ಕಿದ್ದು ಹೀಗೆ.

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಜೋಡಿಯ ಒಂದು ಡಿಸ್ಕ್‌ನಲ್ಲಿ ಹೊಸತು, ಇನ್ನೊಂದರಲ್ಲಿ ಹಳೆಯದು ಉಳಿಯಬಹುದು. ‘ಬರೆದಾಯಿತು’ ಎಂಬ ಉತ್ತರ ಇನ್ನೂ ಹೋಗಿರದ ಕಾರಣ ಎರಡರಲ್ಲಿ ಯಾವುದನ್ನು ಇಟ್ಟುಕೊಂಡರೂ ತಪ್ಪಲ್ಲ. ಒಂದೇ ಆಗಿರಬೇಕು, ಅಷ್ಟೆ. ಲಿನಕ್ಸ್ ಅಂಥ ಜಾಗಗಳ ಗುರುತನ್ನು ಬಿಟ್‌ಮ್ಯಾಪ್ ಒಂದರಲ್ಲಿ ಇಟ್ಟುಕೊಂಡು, ಮರಳಿ ಚಾಲೂ ಆದಾಗ ಅಷ್ಟನ್ನೇ ಸರಿಪಡಿಸುತ್ತದೆ. ರೇಡ್ 5ರಲ್ಲಿ ಇದೇ ಘಟನೆ ಹೆಚ್ಚು ಕೆಟ್ಟದ್ದು. ಡೇಟಾ ಹೊಸದಾಗಿ, ಪ್ಯಾರಿಟಿ ಹಳೆಯದಾಗಿ ಉಳಿದರೆ, ಮುಂದೊಂದು ದಿನ ಬೇರೊಂದು ಡಿಸ್ಕ್ ಸತ್ತಾಗ, ಅಂದು ಯಾರೂ ಮುಟ್ಟದಿದ್ದ ಡೇಟಾ ಕೂಡ ತಪ್ಪಾಗಿ ಮರಳಿ ಕಟ್ಟಲ್ಪಡುತ್ತದೆ. ಹಾರ್ಡ್‌ವೇರ್ ಕಾರ್ಡ್‌ಗಳಲ್ಲಿ ಬ್ಯಾಟರಿ ಅಥವಾ ಸೂಪರ್‌ಕೆಪಾಸಿಟರ್ ಕಟ್ಟಿದ ಕ್ಯಾಶ್ ಇರುವುದು ಇಂಥ ಗಳಿಗೆಗಾಗಿಯೇ. ಆ ಬ್ಯಾಟರಿಯೂ ಕೆಲ ವರ್ಷಗಳಲ್ಲಿ ಸೊರಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ.

ಅಳವಡಿಕೆ ಮತ್ತು ನಿರ್ವಹಣೆ

ಹಾರ್ಡ್‌ವೇರ್ ಕಾರ್ಡ್‌ಗಳ ಪೈಕಿ ಹೆಸರಾದ ಮೆಗಾರೇಡ್, ಭಾರತೀಯ ಮೂಲದ ಸುಬ್ರಮಣಿಯನ್ ಶಂಕರ್ 1985ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಹಸಂಸ್ಥಾಪಕರಾಗಿ ಆರಂಭಿಸಿದ ಅಮೆರಿಕನ್ ಮೆಗಾಟ್ರೆಂಡ್ಸ್‌ನದಾಗಿತ್ತು. ಅದರ ರೇಡ್ ವಿಭಾಗವನ್ನು 2001ರಲ್ಲಿ ಎಲ್‌ಎಸ್‌ಐ ಲಾಜಿಕ್ ಕೊಂಡಿತು. ನೆಟ್ಆ್ಯಪ್, ಡೆಲ್ ಇಎಂಸಿಯಂಥ ಸಂಗ್ರಹಣಾ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಹೀಗಾಗಿ ಈ ವಿಷಯ ಅಲ್ಲಿನ ಎಷ್ಟೋ ಮಂದಿಗೆ ನಿತ್ಯದ ಕಸುಬು.

ಲಿನಕ್ಸ್ ಕರ್ನಲ್‌ನಲ್ಲಿ ನೀಲ್ ಬ್ರೌನ್ ಬರೆದ ರೇಡ್ 10 ಭಾಗ 2004ರಲ್ಲಿ ಸೇರಿತು. ಇದು ಜೋಡಿಗಳನ್ನು ಕಟ್ಟಿ ಮೇಲೆ ಪಟ್ಟೆ ಹಾಸುವ ಎರಡು ಹಂತದ ಏರ್ಪಾಟಲ್ಲ. ಪ್ರತಿ ತುಂಡಿಗೂ ಎರಡು ಜಾಗ ಗೊತ್ತುಮಾಡುವ ಒಂದೇ ಹಂತದ್ದು. ಹಾಗಾಗಿ ಮೂರು ಡಿಸ್ಕ್‌ಗಳಲ್ಲೂ ಇದನ್ನು ಕಟ್ಟಬಹುದು; ಮೂರು ಪ್ರತಿಗಳನ್ನೂ ಕೇಳಬಹುದು. ಎರಡನೇ ಪ್ರತಿಯನ್ನು ಡಿಸ್ಕ್‌ನ ದೂರದ ಅರ್ಧದಲ್ಲಿ ಇಡುವ ‘ಫಾರ್’ ವಿನ್ಯಾಸದಲ್ಲಿ ಉದ್ದ ಓದುಗಳು ರೇಡ್ 0ರಷ್ಟೇ ವೇಗವಾಗುತ್ತವೆ, ಬರಹ ಮಾತ್ರ ನಿಧಾನ. ಬಿಟಿಆರ್‌ಎಫ್‌ಎಸ್ ಎಂಬ ಲಿನಕ್ಸ್ ಕಡತ ವ್ಯವಸ್ಥೆಯ ರೇಡ್ 10ರಲ್ಲಿ ಜೋಡಿಗಳು ಡೇಟಾದ ಪ್ರತಿ ದೊಡ್ಡ ತುಂಡಿಗೂ ಬದಲಾಗಬಹುದಾದ್ದರಿಂದ ‘ಎರಡನೆಯದು ಬೇರೆ ಜೋಡಿಯಲ್ಲಿ ಸತ್ತರೆ ಚಿಂತೆಯಿಲ್ಲ’ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಬದಲಿ ಡಿಸ್ಕ್ ಒಂದನ್ನು ಹಾಟ್ ಸ್ಪೇರ್ ಆಗಿ ಮೊದಲೇ ಸೇರಿಸಿಟ್ಟರೆ ರೀಬಿಲ್ಡ್ ನಡುರಾತ್ರಿಯಲ್ಲೂ ತಾನಾಗಿ ಶುರುವಾಗುತ್ತದೆ. ತಿಂಗಳಿಗೊಮ್ಮೆ ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಿ ನೋಡುವ ಸ್ಕ್ರಬ್ಬಿಂಗ್, ಅಡಗಿದ ಕೆಟ್ಟ ಜಾಗಗಳನ್ನು ರೀಬಿಲ್ಡ್‌ನ ಗಳಿಗೆಗಿಂತ ಮೊದಲೇ ಬಯಲಿಗೆ ತರುತ್ತದೆ. ಡೆಸ್ಕ್‌ಟಾಪಿಗೆಂದು ಮಾಡಿದ ಕೆಲವು ಡಿಸ್ಕ್‌ಗಳು ಓದಲಾಗದ ಜಾಗದೊಡನೆ ನಿಮಿಷಗಟ್ಟಲೆ ಗುದ್ದಾಡುತ್ತವೆ. ಅಷ್ಟರಲ್ಲಿ ಕಂಟ್ರೋಲರ್ ತಾಳ್ಮೆ ಕಳೆದುಕೊಂಡು ಇಡೀ ಡಿಸ್ಕನ್ನೇ ಹೊರಹಾಕುತ್ತದೆ. ಸರ್ವರ್ ಮತ್ತು ನ್ಯಾಸ್ (ಜಾಲಕ್ಕೆ ಜೋಡಿಸಿದ ಸಂಗ್ರಹ ಪೆಟ್ಟಿಗೆ) ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಕೈಚೆಲ್ಲುವಂತೆ ಹೊಂದಿಸಿರುತ್ತವೆ, ಏಕೆಂದರೆ ಅವುಗಳಿಗೆ ಜೊತೆಗಾರ ಇದ್ದಾನೆಂಬ ಭರವಸೆ ಇದೆ. ಇನ್ನು ಮನುಷ್ಯನ ಕೈ. ಕೆಟ್ಟ ಡಿಸ್ಕ್ ಬದಲು ಅದರ ಆರೋಗ್ಯವಂತ ಜೊತೆಗಾರನನ್ನು ಹೊರಗೆಳೆದರೆ ರೇಡ್ 10 ಆ ಕ್ಷಣವೇ ಕುಸಿಯುತ್ತದೆ. ಬರ್ಕ್ಲಿಯಲ್ಲೇ ಏರನ್ ಬ್ರೌನ್ ಮತ್ತು ಪ್ಯಾಟರ್ಸನ್ 2001ರಲ್ಲಿ, ತರಬೇತಿ ಪಡೆದವರಿಂದ ರೇಡ್ ದುರಸ್ತಿ ಮಾಡಿಸಿ ನೋಡಿದಾಗ ಕೈತಪ್ಪುಗಳು ಮತ್ತೆ ಮತ್ತೆ ಕಂಡವು. ಡಿಸ್ಕ್‌ನ ಸೀರಿಯಲ್ ನಂಬರನ್ನು ಟ್ರೇ ಮೇಲೆ ಚೀಟಿ ಅಂಟಿಸಿಡುವುದು ಈ ಇಡೀ ತಂತ್ರಜ್ಞಾನದಲ್ಲಿ ಅತಿ ಅಗ್ಗದ ರಕ್ಷಣೆ.

ರಕ್ಷಣೆಯ ಎಲ್ಲೆ

ರೇಡ್ 10 ತಡೆಯುವುದು ಡಿಸ್ಕ್‌ನ ಸಾವನ್ನು. ತಪ್ಪು ಆಜ್ಞೆ, ವೈರಸ್, ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್, ತಂತ್ರಾಂಶದ ದೋಷ ಇವನ್ನೆಲ್ಲ ಅದು ಅಷ್ಟೇ ನಿಷ್ಠೆಯಿಂದ ಎರಡೂ ಡಿಸ್ಕ್‌ಗಳಿಗೆ ನಕಲು ಮಾಡುತ್ತದೆ. ಜರ್ನಲ್‌ಸ್ಪೇಸ್ ಎಂಬ ಅಮೆರಿಕದ ಬ್ಲಾಗ್ ಸೇವೆ ಆರು ವರ್ಷ ನಡೆದು 2009ರ ಆರಂಭದಲ್ಲಿ ಮುಚ್ಚಿದ್ದು ಹೀಗೆಯೇ. ಅದರ ಡೇಟಾಬೇಸ್ ಮಿರರ್ ಮಾಡಿದ ಡಿಸ್ಕ್‌ಗಳ ಮೇಲಿತ್ತು, ಬೇರೆ ಬ್ಯಾಕಪ್ ಇರಲಿಲ್ಲ. ಡೇಟಾ ಅಳಿಸಿ ಬರೆಯಲ್ಪಟ್ಟಾಗ ಎರಡೂ ಡಿಸ್ಕ್ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು; ಎರಡರಲ್ಲೂ ಡೇಟಾ ಇರಲಿಲ್ಲ. ಬೇರೆ ಕಡೆ, ಬೇರೆ ಕಾಲದ ಪ್ರತಿಯಾಗಿ ಇಟ್ಟ ಬ್ಯಾಕಪ್‌ನ ಕೆಲಸವನ್ನು ಯಾವ ರೇಡ್ ಕೂಡ ಮಾಡದು.

ಇಂದಿನ ಸ್ಥಿತಿ

ದೊಡ್ಡ ಕ್ಲೌಡ್ ಕೇಂದ್ರಗಳು ಒಂದು ಯಂತ್ರದೊಳಗಿನ ಜೋಡಿಯನ್ನು ದಾಟಿ ಹೋಗಿವೆ. 2003ರಲ್ಲಿ ವಿವರ ಪ್ರಕಟವಾದ ಗೂಗಲ್ ಫೈಲ್ ಸಿಸ್ಟಮ್ ಪ್ರತಿ ತುಂಡಿಗೆ ಸಾಮಾನ್ಯವಾಗಿ ಮೂರು ಪ್ರತಿ ಇಟ್ಟು, ಅವು ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ರ‍್ಯಾಕ್‌ಗಳಲ್ಲಿ ಇರುವಂತೆ ನೋಡಿಕೊಂಡಿತು. ಸೆಫ್‌ನಂಥ ಮುಕ್ತ ತಂತ್ರಾಂಶಗಳೂ ಇದೇ ಹಾದಿಯವು. ತಣ್ಣನೆಯ, ಅಪರೂಪಕ್ಕೆ ಓದುವ ಡೇಟಾಗೆ ಮೂರು ಪ್ರತಿ ದುಬಾರಿಯಾದ್ದರಿಂದ ಅಲ್ಲಿ ಇರೇಷರ್ ಕೋಡಿಂಗ್ ಎಂಬ ವಿಸ್ತರಿಸಿದ ಪ್ಯಾರಿಟಿ ಬಂದಿದೆ. ಪ್ರತಿಯೋ ಪ್ಯಾರಿಟಿಯೋ ಎಂಬ ಬರ್ಕ್ಲಿಯ ಹಳೆಯ ಜಗಳ ದೊಡ್ಡ ಪ್ರಮಾಣದಲ್ಲಿ ಮುಂದುವರಿದಿದೆ. ಎಸ್‌ಎಸ್‌ಡಿಗಳಲ್ಲಿ ತಲೆ ಓಡಾಡುವ ಸಮಯವೇ ಇಲ್ಲದಿರುವುದರಿಂದ ರೇಡ್ 5ರ ಬರಹ ದಂಡ ಮೊದಲಿನಷ್ಟು ಕಾಡುವುದಿಲ್ಲ. ಆದರೆ ಪ್ರತಿ ಚಿಕ್ಕ ಬರಹಕ್ಕೂ ಪ್ಯಾರಿಟಿಯನ್ನು ಮತ್ತೆ ಬರೆಯುವುದು ಫ್ಲ್ಯಾಶ್‌ನ ಸವೆತಕ್ಕೆ ಸೇರುತ್ತದೆ. ಒಂದೇ ಸರ್ವರಿನಲ್ಲಿ ಡೇಟಾಬೇಸ್ ನಡೆಸುವ ಸಂಸ್ಥೆಗಳು, ವರ್ಚುವಲ್ ಯಂತ್ರಗಳ ಆತಿಥೇಯಗಳು, ನಾಲ್ಕು ಡಿಸ್ಕ್ ಹಿಡಿಯುವ ನ್ಯಾಸ್ ಇಟ್ಟುಕೊಂಡ ಸಣ್ಣ ಕಚೇರಿಗಳು ಇವತ್ತಿಗೂ ರೇಡ್ 10 ಆರಿಸಿಕೊಳ್ಳುತ್ತವೆ. ಎರಡೆರಡೇ ಡಿಸ್ಕ್ ಸೇರಿಸಿ ಬೆಳೆಸಬಹುದಾದ್ದರಿಂದ ಜಡ್‌ಎಫ್‌ಎಸ್ ಬಳಸುವವರಲ್ಲೂ ಜೋಡಿಗಳ ಮೇಲಿನ ಪಟ್ಟೆಗೆ ಹೆಚ್ಚಿನ ಒಲವು.